ಮಣ್ಣಿಗೆ ಬಾರದ ದನಿ

ಆ ಸಿಡಿಯನ್ನು ನಡುವೆಯೇ ನಿಲ್ಲಿಸಿದವನು ನಾನು. 2011ರ ಒಂದು ರವಿವಾರದ ಸಂಜೆ. ಧಾರವಾಡದ ಲೈನ್ ಬಜಾರಿನ ಹಿಂದಿನ ಓಣಿಯಲ್ಲಿ, ಲಗ್ನಪತ್ರಿಕೆ ಮುದ್ರಿಸುವ ಒಂದು ಪ್ರೆಸ್ಸಿನ ಅಟ್ಟದ ಮೇಲೆ ಐದು ಜನ ಕೂತಿದ್ದೆವು. ಅಮೆರಿಕದ ಗಾಯಕಿ ಡಯಮಾಂಡಾ ಗಲಾಸ್‌ಳ 'ಪ್ಲೇಗ್ ಮಾಸ್' ಆಲ್ಬಮ್ ನಡೆದಿತ್ತು, ಎರಡನೆಯ ಹಾಡು. ನಾನು ಎದ್ದು ಹೋಗಿ ಗುಂಡಿ ಒತ್ತಿಬಿಟ್ಟೆ. ಕೆಳಗೆ ಓಣಿಯಲ್ಲಿ ಯಾರೋ ಸೈಕಲ್ ಸ್ಟ್ಯಾಂಡ್ ಹಾಕಿದ ಸಪ್ಪಳ ಕೇಳಿಸಿತು, ಅಷ್ಟು ನಿಶ್ಶಬ್ದ.

"ಯಾಕಲೇ, ಅಂಜಿದ್ಯಾ?" ಎಂದ ಪ್ರೆಸ್ಸಿನ ಗೆಳೆಯ.

"ಹೌದು" ಎಂದೆ.

ಅಂಜಿದ್ದು ನಿಜ. ಆದರೆ ಅವರು ತಿಳಿದುಕೊಂಡ ಕಾರಣಕ್ಕಲ್ಲ. ನಿಜವಾದ ಕಾರಣವನ್ನು ಅವರಿಗೆ ಹೇಳಲು ಮೂರು ವರ್ಷ ಹಿಡಿಯಿತು. ಬರೆಯಲು ಅದಕ್ಕಿಂತ ಬಹಳ ಹೆಚ್ಚು.

ಆ ಅಟ್ಟದ ಬಗ್ಗೆ ಮೊದಲು ಹೇಳುತ್ತೇನೆ. ಕೆಳಗೆ ಆಫ್‌ಸೆಟ್ ಮಷಿನ್ ಬಂದ ಮೇಲೆ ಹಳೆಯ ಟ್ರೆಡಲ್ ಮುದ್ರಣ ಯಂತ್ರವನ್ನೂ ಅಚ್ಚಿನ ಮೊಳೆಗಳ ಖಾನೆಗಳನ್ನೂ ಮೇಲಕ್ಕೆ ಸಾಗಿಸಿದ್ದರು. ಮೊಳೆಗಳ ಮೇಲೆ ಗೋಣಿತಟ್ಟು, ತಟ್ಟಿನ ಮೇಲೆ ನಾವು. ಗಾಳಿಯಲ್ಲಿ ಶಾಯಿಯ ವಾಸನೆ ಮತ್ತು ಪತ್ರಿಕೆಗಳಿಗೆ ಹಚ್ಚಿದ ಅರಿಶಿನದ ವಾಸನೆ. ಎರಡು ಸ್ಪೀಕರ್, ಒಂದು ಹಳೆಯ ಪ್ಲೇಯರ್. ಪುಣೆಯಲ್ಲಿ ಕೆಲಸ ಮಾಡುತ್ತಿದ್ದ ಗೆಳೆಯ ದೀಪಾವಳಿಗೆ ಬಂದಾಗ ಎಂಪಿ3 ತುಂಬಿದ ಒಂದು ಸಿಡಿ ಕೊಟ್ಟುಹೋಗಿದ್ದ. ಅದರ ಮೇಲೆ ನೀಲಿ ಮಾರ್ಕರಿನಲ್ಲಿ ಬರೆದದ್ದು ಇಷ್ಟೇ: ಗಲಾಸ್. ಒಬ್ಬರs ಕೇಳಬ್ಯಾಡ್ರಿ.

ಅದಕ್ಕೇ ಐದು ಜನ ಕೂಡಿದೆವು. ಸುರುವಿಗೆ ಅದೊಂದು ಪಂದ್ಯವಾಗಿತ್ತು ಎಂದು ಒಪ್ಪಿಕೊಳ್ಳಬೇಕು. ಯಾರು ಕೊನೆಯ ತನಕ ಕೂಡುತ್ತಾರೆ, ಯಾರು ನೀರು ಕುಡಿಯುವ ನೆಪ ಮಾಡಿ ಕೆಳಗಿಳಿಯುತ್ತಾರೆ ಎಂದು ನೋಡುವ ಪಂದ್ಯ. ಮೊದಲು ಹಚ್ಚಿದ್ದು 1982ರ 'ದ ಲಿಟನೀಸ್ ಆಫ್ ಸೇಟನ್'. ಒಂದು ಮಗ್ಗುಲಿಗೆ ಫ್ರೆಂಚ್ ಕವಿ ಬೋದಿಲೇರನ ಕವಿತೆ, ಇನ್ನೊಂದು ಮಗ್ಗುಲಿಗೆ ಬರೀ ಒಂಟಿ ದನಿ. ಆ ಎರಡನೆಯದಕ್ಕೆ ಆಕೆಯೇ ಇಟ್ಟ ಉಪಶೀರ್ಷಿಕೆಯಲ್ಲಿ ಅದನ್ನು ಒಂಟಿ ಚೀತ್ಕಾರಕ್ಕಾಗಿ ಬರೆದ ಪ್ರೇಮಗೀತೆ ಎಂದು ಕರೆದಿದ್ದಾಳೆ. ಒಂದೇ ಉಸಿರಿನಲ್ಲಿ ಗುಸುಗುಸು, ಗುರುಗುಡುವಿಕೆ, ನಗು, ಅಲ್ಲಿಂದ ನೆತ್ತಿ ಸೀಳುವ ಎತ್ತರಕ್ಕೆ ಒಂದೇ ಜಿಗಿತ. ಹತ್ತು ನಿಮಿಷಕ್ಕೆ ಕೆಳಗಿನ ಮನೆಯ ಕಾಕು ಮೆಟ್ಟಿಲ ಬುಡಕ್ಕೆ ಬಂದು, "ಏನ್ರೋ, ಯಾರಿಗರ ಏನರ ಆತೇನು?" ಎಂದು ಕೇಳಿದರು.

ಆ ಕಾಕು ಕೇಳಿದ ಪ್ರಶ್ನೆ ಎಷ್ಟು ಸರಿಯಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಕಿರುಚಿದ ದನಿ ಕೇಳಿದರೆ ಕೇಳಬೇಕಾದ ಮೊದಲ ಮಾತು ಅದೇ: ಯಾರಿಗೆ, ಏನಾಯಿತು? ನಾವು ಐದು ಜನ ಅದನ್ನು ಬಿಟ್ಟು ಬೇರೆಲ್ಲ ಕೇಳುತ್ತಿದ್ದೆವು.

ಬರಬರುತ್ತ ಪಂದ್ಯ ಹೋಗಿ ವಾದ ಬಂತು. ಒಳ್ಳೆಯ ವಾದಗಳು. ಪ್ರತಿ ರವಿವಾರ ಒಂದು ಆಲ್ಬಮ್, ಆಮೇಲೆ ಗಿರ್ಮಿಟ್, ಚಹಾ, ಆಮೇಲೆ ಜಗಳ. ಗಿಟಾರ್ ಹಿಡಿಯುತ್ತಿದ್ದವನಿಗೆ 1994ರ 'ದ ಸ್ಪೋರ್ಟಿಂಗ್ ಲೈಫ್' ಎಂದರೆ ಪ್ರಾಣ. ಲೆಡ್ ಜೆಪ್ಪೆಲಿನ್ ಎಂಬ ರಾಕ್ ತಂಡದ ಜಾನ್ ಪಾಲ್ ಜೋನ್ಸ್ ಬಾಸ್ ನುಡಿಸಿದ ಆಲ್ಬಮ್ಮು. ತಾಳ ಗಟ್ಟಿ, ಹಾಡು ಹಾಡಿನ ಹಾಗೇ ಇದೆ, ಹೊಸಬರಿಗೆ ಇದನ್ನೇ ಮೊದಲು ಕೇಳಿಸಬೇಕು ಎಂದು ಅವನ ವಾದ. ನನಗೆ ಇವತ್ತಿಗೂ ಅದು ಆಕೆಯ ಕೆಲಸದ ಅಂಚಿನಲ್ಲಿರುವ ಆಲ್ಬಮ್ಮು ಅನಿಸುತ್ತದೆ. ಚೆನ್ನಾಗಿದೆ, ಆದರೆ ಅದನ್ನು ಬೇರೆ ಯಾರಾದರೂ ಮಾಡಬಹುದಿತ್ತು. 1993ರ 'ವೀನಾ ಕಾವಾ'ವನ್ನು ಬೇರೆ ಯಾರೂ ಮಾಡಲಾರರು. ಅದರಲ್ಲಿ ವಾದ್ಯವೇ ಇಲ್ಲ ಎನ್ನಬಹುದು. ಏಡ್ಸ್ ಮಿದುಳಿಗೆ ಏರಿದವನ ತಲೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ಬರೀ ದನಿಯಲ್ಲಿ, ಯಂತ್ರದಿಂದ ತಿರುಚಿದ ದನಿಯಲ್ಲಿ ಕಟ್ಟಿದ್ದು. ಪ್ರೆಸ್ಸಿನ ಗೆಳೆಯ ಅದನ್ನು ಒಂದೇ ಸಲ ಕೇಳಿದ, ಮತ್ತೆ ಹಚ್ಚಲು ಬಿಡಲಿಲ್ಲ. ನಮ್ಮಲ್ಲೊಬ್ಬ 1992ರ 'ದ ಸಿಂಗರ್' ಪಕ್ಷದವನು. ಅಮೆರಿಕದ ಕರಿಯರ ಬ್ಲೂಸು ಎಂಬ ನೋವಿನ ಹಾಡು, ಗಾಸ್ಪೆಲ್ಲು ಎಂಬ ಚರ್ಚಿನ ಭಕ್ತಿಗೀತೆ. ಪಿಯಾನೊ ಮುಂದೆ ಒಬ್ಬಳೇ ಕೂತು ಹಾಡಿದ್ದು. "ಇದರಾಗ ಚೀರೂದು ಕಡಿಮಿ, ಆದರ ನೋವು ಜಾಸ್ತಿ ಐತಿ" ಎನ್ನುತ್ತಿದ್ದ. ಅವನ ಮಾತು ನನಗೆ ತಡವಾಗಿ ತಿಳಿಯಿತು.

ಒಂದು ಸಂಗತಿ ಹೇಳಲೇಬೇಕು. ಆರು ತಿಂಗಳು ನಾವು ಆಕೆಯನ್ನು ಅರ್ಧವೇ ಕೇಳಿದ್ದೆವು. ಎಡಗಡೆಯ ಸ್ಪೀಕರಿನ ವಾಯರು ಒಳಗೇ ಬಿಟ್ಟಿತ್ತು. 1986ರ 'ದ ಡಿವೈನ್ ಪನಿಶ್ಮೆಂಟ್' ಕೇಳುವಾಗ ತಬಲಾ ಕಲಿಸುವ ಮಾಸ್ತರರಿಗೆ ಸಂಶಯ ಬಂತು: "ಇಕಿ ಯಾರಿಗೋ ಉತ್ತರಾ ಕೊಡಾಕತ್ತಾಳ. ಪ್ರಶ್ನೆ ಕೇಳಾವ್ರು ಎಲ್ಲಿ?" ಸ್ಪೀಕರ್ ಬಿಚ್ಚಿ, ವಾಯರಿನ ತುದಿ ಹೆರೆದು, ಬೆಸುಗೆ ಹಾಕಿ ಮತ್ತೆ ಹಚ್ಚಿದರೆ ಎಡಗಡೆಯಿಂದ ಇನ್ನೊಂದು ದನಿ ಎದ್ದು ಬಂತು. ಅದೂ ಆಕೆಯದೇ, ಕೆಳಗಿನ ಸ್ಥಾಯಿಯಲ್ಲಿ, ತೀರ್ಪು ಓದುವವರ ಹಾಗೆ. ಆಕೆ ವೇದಿಕೆಯ ಮೇಲೂ ಒಂದು ಮೈಕಿಗೆ ಹಾಡುವವಳಲ್ಲ. ಮೂರು, ನಾಲ್ಕು ಮೈಕು; ಒಂದೊಂದರ ದನಿ ಒಂದೊಂದು ದಿಕ್ಕಿನಿಂದ ಬರುವಂತೆ ಹಂಚಿರುತ್ತಾಳೆ. ಶಿಕ್ಷೆ ಹಾಕಿದವನು, ಹಾಕಿಸಿಕೊಂಡವನು, ನೋಡುತ್ತ ನಿಂತವನು, ಎಲ್ಲ ಪಾತ್ರವೂ ಆಕೆಯೇ. ಅಂದು ಬೆಸುಗೆಯ ಹೊಗೆ ಇನ್ನೂ ಆರಿರಲಿಲ್ಲ, ನಾವು ಆರು ತಿಂಗಳ ಸಿಡಿಯನ್ನೆಲ್ಲ ಮೊದಲಿನಿಂದ ಕೇಳತೊಡಗಿದೆವು.

ಮಾಸ್ತರರ ಬಗ್ಗೆಯೂ ಎರಡು ಮಾತು. ನಮ್ಮ ಗುಂಪಿನಲ್ಲಿ ಹಿಂದೂಸ್ತಾನಿ ಕಿವಿ ಇದ್ದವರು ಅವರೊಬ್ಬರೇ. ಮೊದಲ ದಿನ ಅವರು ಬೇಜಾರಾಗಿದ್ದರು. "ಮನ್ಸೂರ ಅಣ್ಣಾವ್ರ ಊರಾಗ ಕುಂತು ಇದೇನು ಕೇಳತೀರೋ" ಎಂದಿದ್ದರು. ಆದರೆ ಎದ್ದು ಹೋಗಲಿಲ್ಲ. ಒಂದು ರವಿವಾರ ತಮ್ಮ ಇಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಚೀಲದಲ್ಲಿ ಹಾಕಿಕೊಂಡು ಬಂದರು. 'ಪ್ಲೇಗ್ ಮಾಸ್' ಆಲ್ಬಮ್ಮಿನ ಕೊನೆಯ ಹಾಡು ಹಚ್ಚಲು ಹೇಳಿದರು, ಪಿಯಾನೊ ಇರುವ ಹಾಡು. ಪೆಟ್ಟಿಗೆಯ ಗುಂಡಿಯನ್ನು ಎಳ್ಳಷ್ಟು ಎಳ್ಳಷ್ಟೇ ತಿರುವುತ್ತ ಹೋದರು. ಒಂದು ಗಳಿಗೆಗೆ ತಂಬೂರಿಯ ನಾದ ಆಕೆಯ ಷಡ್ಜಕ್ಕೆ ಹೋಗಿ ಕೂತಿತು. ಆಮೇಲೆ ಮಾಸ್ತರರು ಬೆರಳೆತ್ತಿ ಹಿಡಿದು ಕಣ್ಣು ಮುಚ್ಚಿ ಕೂತರು. ಆಕೆ ಕಿರುಚಿ, ಒಡೆದು, ಚೂರಾಗಿ, ನಾವೆಲ್ಲ ಇನ್ನು ಮುಗಿಯಿತು ಎಂದುಕೊಂಡಾಗಲೂ ಪ್ರತಿ ಸಲ ತಿರುಗಿ ಅದೇ ಷಡ್ಜದ ಮೇಲೆ ಕಾಲಿಡುತ್ತಿದ್ದಳು. ಅವರ ಬೆರಳು ಪ್ರತಿ ಸಲ ಕೆಳಗಿಳಿಯುತ್ತಿತ್ತು. ಹಾಡು ಮುಗಿದ ಮೇಲೆ ಅವರಂದದ್ದು: "ಮನಿ ಬಿಟ್ಟು ಎಷ್ಟು ದೂರ ಹೋಗ್ತಾಳ ನೋಡ್ರಿ. ಆದರ ಹಾದಿ ಮರೀಲಿಲ್ಲ."

ಅದು ಅಭ್ಯಾಸದಿಂದ ಬಂದದ್ದು. ಗಲಾಸ್ 1955ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ, ಗ್ರೀಕ್ ಮೂಲದ ಮನೆಯಲ್ಲಿ ಹುಟ್ಟಿದವಳು. ಅಪ್ಪನ ಗಾಸ್ಪೆಲ್ ಮೇಳಕ್ಕೆ ಪಿಯಾನೊ ನುಡಿಸಿ ಬೆಳೆದಳು. 14ನೆಯ ವಯಸ್ಸಿಗೇ ಆ ಊರಿನ ಸಿಂಫನಿ ವಾದ್ಯವೃಂದದ ಜೊತೆ ನುಡಿಸಿದಳು. ಇಟಲಿಯ ಅಪೆರಾ ಎಂಬ ಸಂಗೀತ ನಾಟಕದವರ ಬೆಲ್ ಕಾಂಟೊ ಪದ್ಧತಿಯಲ್ಲಿ ಕಂಠ ಪಳಗಿಸಿಕೊಂಡಳು. 1979ರಲ್ಲಿ ಫ್ರಾನ್ಸಿನ ಅವಿನ್ಯೋಂ ಉತ್ಸವದಲ್ಲಿ ಮೊದಲು ಹೆಸರಾದದ್ದು, ಚಿತ್ರಹಿಂಸೆಗೆ ಸಿಕ್ಕ ಟರ್ಕಿಯ ಹೆಂಗಸೊಬ್ಬಳ ಕಥೆಯ ಅಪೆರಾದಲ್ಲಿ. ಕಿರುಚುವುದಕ್ಕೆ ಏನು ತರಬೇತಿ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು: ತರಬೇತಿ ಇಲ್ಲದೆ ಐದು ನಿಮಿಷ ಹಾಗೆ ಕಿರುಚಿ ನೋಡಿ, ಗಂಟಲು ಎರಡು ವಾರ ಮಾತಾಡಲು ಬಿಡುವುದಿಲ್ಲ. ಆಕೆ ಅದನ್ನು ಒಂದೊಂದು ತಾಸು, ರಾತ್ರಿಯ ಮೇಲೆ ರಾತ್ರಿ, ನಲವತ್ತು ವರ್ಷ ಮಾಡಿದ್ದಾಳೆ.

ಹೆಣ್ಣಿನ ದನಿ ಹೀಗಿರಬೇಕು ಎಂಬ ಲೆಕ್ಕ ನಮ್ಮ ಊರಿನಲ್ಲೇ ಒಮ್ಮೆ ಮುರಿದಿತ್ತು ಎಂದು ನೆನಪಿಸಿದವರೂ ಮಾಸ್ತರರೇ. ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಮೊದಲು ಹಾಡಿದ ಗ್ರಾಮಫೋನ್ ತಟ್ಟೆಗಳಲ್ಲಿ ತೆಳ್ಳಗಿನ, ಎತ್ತರದ ದನಿ. ಆಮೇಲೆ ಗಂಟಲಿನ ಚಿಕಿತ್ಸೆಯಾಗಿ ದನಿ ಇಳಿಯಿತು, ಗಡಸಾಯಿತು. ಅವರು ಆ ದನಿಯನ್ನು ಮುಚ್ಚಿಡಲಿಲ್ಲ, ಕ್ಷಮೆ ಕೇಳಲಿಲ್ಲ. ಅದರ ಮೇಲೇ ತಮ್ಮ ಗಾಯನ ಕಟ್ಟಿದರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಸವಾಯಿ ಗಂಧರ್ವರ ಹತ್ತಿರ ಕಲಿತದ್ದನ್ನೆಲ್ಲ ಆ ಹೊಸ ಗಂಟಲಿಗೆ ಮತ್ತೆ ಕಲಿಸಿದರು. ಆ ದಿನ ನಾವು ಅವರ ಹಳೆಯ ತಟ್ಟೆಯ ಧ್ವನಿಮುದ್ರಿಕೆ ಒಂದನ್ನು, ಆಮೇಲಿನದೊಂದನ್ನು ಹಚ್ಚಿ, ಅದರ ಬೆನ್ನಿಗೆ ಗಲಾಸ್ ಕೇಳಿದೆವು. ಇಬ್ಬರೂ ಒಂದೇ ಎಂದು ಹೇಳುವಷ್ಟು ಹುಂಬ ನಾನಲ್ಲ. ಆದರೆ ಆ ಸಂಜೆಯಿಂದ ನಮ್ಮ ಅಟ್ಟದಲ್ಲಿ ಗಲಾಸ್‌ಳ ಹಾಡಿಗೆ 'ದೆವ್ವದ ಸಂಗೀತ' ಎನ್ನುವುದು ನಿಂತುಹೋಯಿತು.

ಇಲ್ಲಿಯ ತನಕ ಎಲ್ಲ ಕಿವಿಯ ಮಾತು. ಈಗ ನಾನು ಗುಂಡಿ ಒತ್ತಿದ ದಿನಕ್ಕೆ ಬರುತ್ತೇನೆ.

1980ರ ದಶಕದ ನಡುವಿನಿಂದ ಗಲಾಸ್ ಏಡ್ಸ್ ಬಗ್ಗೆ ಮೂರು ಆಲ್ಬಮ್‌ಗಳ ಸರಣಿ ಮಾಡಿದಳು. 'ದ ಡಿವೈನ್ ಪನಿಶ್ಮೆಂಟ್' ಮತ್ತು 'ಸೇಂಟ್ ಆಫ್ ದ ಪಿಟ್' 1986ರಲ್ಲಿ, 'ಯು ಮಸ್ಟ್ ಬಿ ಸರ್ಟನ್ ಆಫ್ ದ ಡೆವಿಲ್' 1988ರಲ್ಲಿ. ಅದೇ 1986ರಲ್ಲಿ ಆಕೆಯ ಒಡಹುಟ್ಟಿದವನು, ನಾಟಕಕಾರ ಫಿಲಿಪ್ ಡಿಮಿಟ್ರಿ, ಏಡ್ಸ್‌ನಿಂದ ತೀರಿಕೊಂಡ. ನಮ್ಮ ದೇಶದಲ್ಲಿ ಈ ಸೋಂಕು ಮೊದಲು ಪತ್ತೆಯಾದದ್ದೂ ಆ ವರ್ಷವೇ, ಚೆನ್ನೈಯಲ್ಲಿ. ಅಮೆರಿಕದಲ್ಲಿ ಆಗ ಅದನ್ನು ದೇವರು ಕೊಟ್ಟ ಶಿಕ್ಷೆ ಎಂದು ಹೇಳುವ ಧರ್ಮಗುರುಗಳಿದ್ದರು. 1989ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಸೇಂಟ್ ಪ್ಯಾಟ್ರಿಕ್ ಕೆಥೀಡ್ರಲ್ಲಿನೊಳಗೆ ನಡೆದ ಪ್ರತಿಭಟನೆಯಲ್ಲಿ ಬಂಧನಕ್ಕೊಳಗಾದವರಲ್ಲಿ ಆಕೆಯೂ ಒಬ್ಬಳು. ಮರುವರ್ಷ ಅಕ್ಟೋಬರ್ 12 ಮತ್ತು 13ರಂದು ಅದೇ ಊರಿನ ಇನ್ನೊಂದು ದೊಡ್ಡ ಚರ್ಚು, ಸೇಂಟ್ ಜಾನ್ ದ ಡಿವೈನ್‌ನಲ್ಲಿ, ಸೊಂಟದ ತನಕ ಬರಿಮೈಯಲ್ಲಿ, ಮೈಗೆಲ್ಲ ರಕ್ತ ಬಳಿದುಕೊಂಡು ನಿಂತು ಈ ಕೃತಿಯನ್ನು ಹಾಡಿದಳು. ಅದರ ಧ್ವನಿಮುದ್ರಣವೇ 1991ರ 'ಪ್ಲೇಗ್ ಮಾಸ್'. ಕೈಬೆರಳುಗಳ ಮೇಲೆ ನಾವೆಲ್ಲರೂ ಎಚ್‌ಐವಿ ಪಾಸಿಟಿವ್ ಎಂದು ಹಚ್ಚೆ ಹಾಕಿಸಿಕೊಂಡವಳು ಆಕೆ.

ಅದರ ಎರಡನೆಯ ಹಾಡಿಗೆ ಪದ ಬೈಬಲ್ಲಿನವು. ಇಂಗ್ಲಿಷಿನಲ್ಲಿ ನನಗೆ ಪೂರ್ತಿ ತಿಳಿಯದೆ, ಬಾಸೆಲ್ ಮಿಷನ್ ಶಾಲೆಯಲ್ಲಿ ಓದಿದ ಗೆಳೆಯನ ಹತ್ತಿರ ಕನ್ನಡ ಬೈಬಲ್ ಇಸಿದುಕೊಂಡು ಓದಿದ್ದೆ. ಯಾಜಕಕಾಂಡ, 15ನೆಯ ಅಧ್ಯಾಯ. ಮೈಯಿಂದ ಸ್ರಾವವಾಗುವವನು ಅಶುದ್ಧ. ಅವನು ಮಲಗಿದ ಹಾಸಿಗೆ ಅಶುದ್ಧ, ಕೂತ ಜಾಗ ಅಶುದ್ಧ, ಅವನನ್ನು ಮುಟ್ಟಿದವನು ಅಶುದ್ಧ, ಅವನ ಉಗುಳು ತಾಗಿದವನು ಅಶುದ್ಧ. ಅವನು ಮುಟ್ಟಿದ ಮಣ್ಣಿನ ಪಾತ್ರೆ ಒಡೆಯಬೇಕು, ಮರದ್ದಾದರೆ ತೊಳೆಯಬೇಕು. ಗಲಾಸ್ ಈ ನಿಯಮಗಳನ್ನು ಡೋಲು ಬಡಿದಂಥ ಲಯದಲ್ಲಿ ಒಂದೊಂದಾಗಿ ಓದಿ ಹೇಳುತ್ತಾಳೆ. ಓದುತ್ತ ಓದುತ್ತ ಆ ದನಿಗೆ ರುಚಿ ಹತ್ತುತ್ತದೆ. ಅದೇ ಭಯಂಕರ. ಪಟ್ಟಿ ಮಾಡುವವನ ಸುಖ ಆ ದನಿಯಲ್ಲಿದೆ.

ಬೈಬಲ್ ಓದಿ ಮುಚ್ಚಿಟ್ಟ ಮರು ರವಿವಾರ ಆ ಹಾಡು ಹಚ್ಚಿದಾಗ ನಾನು ಎದ್ದದ್ದು. ಹಾಸಿಗೆ ಎಂಬಲ್ಲಿಗೆ ಬಂದಾಗ ನನಗೆ ಕಂಡದ್ದು ಕಾಕಾನ ಕೌದಿ.

ನಮ್ಮ ಊರು ಹಾವೇರಿ ಜಿಲ್ಲೆಯ ಸವಣೂರು ತಾಲೂಕಿನಲ್ಲಿ. ಕಾಕಾ, ಅಪ್ಪನ ಕೊನೆಯ ತಮ್ಮ, ಲಾರಿ ಡ್ರೈವರ್. ಬ್ಯಾಡಗಿ ಮೆಣಸಿನಕಾಯಿ ಹೇರಿಕೊಂಡು ಮುಂಬಯಿಗೆ ಹೋಗುತ್ತಿದ್ದ. ಊರ ಅಗಸಿಯ ಹತ್ತಿರ ಬಂದರೆ ಹಾರ್ನ್ ಹೊಡೆಯುತ್ತಿದ್ದ, ಎರಡು ಗಿಡ್ಡ, ಒಂದು ಉದ್ದ. ನಾವು ಹುಡುಗರು ಓಡುತ್ತಿದ್ದೆವು. ಕ್ಯಾಬಿನ್ ಹತ್ತಿದರೆ ಮೂಗಿಗೆ ಘಾಟು. ಸೀನುತ್ತಲೇ ಅವನ ತೊಡೆಯ ಮೇಲೆ ಕೂತು ಸ್ಟೇರಿಂಗ್ ಹಿಡಿಯುತ್ತಿದ್ದೆವು. 2001ರ ಹೊತ್ತಿಗೆ ಅವನು ಕೆಲಸ ಬಿಟ್ಟು ಮನೆಗೆ ಬಂದ. ತೆಳ್ಳಗಾಗಿದ್ದ, ಬಾಯಿಯೆಲ್ಲ ಬೆಳ್ಳಗೆ ಹುಣ್ಣು. ಒಂದು ಆಸ್ಪತ್ರೆಯಲ್ಲಿ ಹದಿನೈದು ದಿನ ಇಟ್ಟುಕೊಂಡರು. ರಕ್ತದ ಫಲಿತಾಂಶ ಬಂದ ದಿನ ಅವನ ಮಂಚವನ್ನು ವಾರ್ಡಿನಿಂದ ಪಡಸಾಲೆಗೆ ಸರಿಸಿದರು, ತಲೆದೆಸೆಗೆ ಚೀಟಿ ಅಂಟಿಸಿದರು. ಮೂರನೆಯ ದಿನಕ್ಕೆ, ಮನೆಗೆ ಕರೆದುಕೊಂಡು ಹೋಗಿರಿ ಎಂದರು. ಸರ್ಕಾರ ಈ ರೋಗಕ್ಕೆ ಪುಕ್ಕಟೆ ಔಷಧ ಕೊಡಲು ಸುರು ಮಾಡಿದ್ದು 2004ರ ಏಪ್ರಿಲ್‌ನಲ್ಲಿ. ಕಾಕಾ ತೀರಿಕೊಂಡದ್ದು 2002ರಲ್ಲಿ, ಕಾರಹುಣ್ಣಿಮೆ ಮುಗಿದು ನಾಲ್ಕು ದಿನಕ್ಕೆ.

ಆ ಒಂದು ವರ್ಷ ಅವನಿದ್ದದ್ದು ಹಿತ್ತಲಿನ ದನದ ಮನೆಯಲ್ಲಿ. ಒಂದು ಎತ್ತಿನ ಜಾಗ ಖಾಲಿ ಇತ್ತು. ಅವನಿಗೆ ಬೇರೆ ಗಂಗಾಳ, ಬೇರೆ ಚರಿಗೆ. ಗಂಗಾಳವನ್ನು ಹೊಸ್ತಿಲಾಚೆಯಿಂದ ಕೋಲಿನಲ್ಲಿ ದೂಡುತ್ತಿದ್ದೆವು. 'ದೂಡುತ್ತಿದ್ದೆವು' ಎಂದು ಬರೆದಿದ್ದೇನೆ, ಏಕೆಂದರೆ ಕೋಲು ಎಷ್ಟೋ ಸಲ ನನ್ನ ಕೈಯಲ್ಲಿತ್ತು. ನನಗೆ ಹದಿನೇಳು ವರ್ಷ, ವಿಜ್ಞಾನ ಓದುತ್ತಿದ್ದೆ, ಮುಟ್ಟಿದರೆ ಬರುವುದಿಲ್ಲ ಎಂದು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಕಾಕಾ ಒಮ್ಮೆ ಮಾತ್ರ ಹೇಳಿದ: "ತಮ್ಮಾ, ಕೋಲ್ ಬ್ಯಾಡೋ. ನಾಯಿಗಿ ಹಾಕ್ದಂಗ ಆಕ್ಕೈತಿ. ಇಟ್ಟು ಹೋಗು, ನಾ ಆಮ್ಯಾಲ ಬಂದು ತಗೋತೀನಿ." ಮರುದಿನದಿಂದ ಇಟ್ಟು ಹೋದೆ. ಇಟ್ಟು, ಓಡಿ ಹೋದೆ.

ಈಗ ನಮ್ಮ ಅಮ್ಮನ ಮಾತು. ನಮ್ಮ ಕಡೆ ಅಜ್ಜಿಗೆ ಅಮ್ಮ ಅನ್ನುತ್ತೇವೆ. ಊರಿನಲ್ಲಿ ಯಾರೇ ತೀರಿಕೊಳ್ಳಲಿ, ಅಮ್ಮನಿಗೆ ಕರೆ ಬರುತ್ತಿತ್ತು. ಹಾಡ್ಯಾಡಿಕೊಂಡು ಅಳುವುದರಲ್ಲಿ ಆಕೆಯದು ಎತ್ತಿದ ಕೈ. ಹೆಣದ ತಲೆದೆಸೆಗೆ ಕೂತು, ಸೆರಗು ಮುಂದಕ್ಕೆಳೆದುಕೊಂಡು, ಮೊದಲ ದನಿ ತೆಗೆಯುವವಳು ಅಮ್ಮನೇ. ಸತ್ತವರ ಗುಣ, ಅವರು ಮಾಡಿದ ಹೊಲ, ಕಟ್ಟಿದ ಮನೆ, ಹಡೆದ ಮಕ್ಕಳು, ಬಿಟ್ಟು ಹೋದ ಕೆಲಸ, ಎಲ್ಲವೂ ಆ ಅಳುವಿನಲ್ಲಿ ಸಾಲಾಗಿ ಬರುತ್ತಿತ್ತು. ಹಗೇವಿನ ಜೋಳ ಹಾಂಗೇ ಅದ, ತಗದು ಒಣಗಸಾಂವ ಎದ್ದು ಹ್ವಾದ್ಯೋ ಎಂದು ಆಕೆ ಎತ್ತಿದರೆ ಉಳಿದ ಹೆಂಗಸರು ಹಿಂದಿನಿಂದ ಹೂಂಗುಟ್ಟುತ್ತ ಸೇರುತ್ತಿದ್ದರು. ಬಡವನಿರಲಿ, ಕುಡುಕನಿರಲಿ, ಜಗಳಗಂಟನಿರಲಿ, ಅಮ್ಮ ಯಾರಿಗೂ ಇಲ್ಲ ಎಂದವಳಲ್ಲ. ದಾಯಾದಿಯ ಮನೆಯಲ್ಲಿ, ಮಾತು ಬಿಟ್ಟು ಇಪ್ಪತ್ತು ವರ್ಷವಾಗಿದ್ದ ಮನೆಯಲ್ಲಿ, ಹೋಗಿ ದನಿ ತೆಗೆದಿದ್ದಳು.

ಕಾಕಾ ತೀರಿಕೊಂಡಾಗ ಅಮ್ಮ ದನಿ ತೆಗೆಯಲಿಲ್ಲ.

ನಸುಕಿನಲ್ಲಿ ತೀರಿಕೊಂಡ. ದೊಡ್ಡಪ್ಪ ಬಂದು ಬಾಗಿಲ ಹತ್ತಿರ ನಿಂತು ಹೇಳಿದ: "ಯವ್ವಾ, ದನಿ ತಗದ್ರ ಊರು ಕೂಡ್ತೈತಿ. ಊರು ಕೂಡಿದ್ರ ಏನ್ ಬ್ಯಾನಿ ಅಂತ ಕೇಳ್ತೈತಿ. ಎರಡು ಹುಡಿಗ್ಯಾರು ಲಗ್ನಕ್ಕ ಅದಾವ." ಅಮ್ಮ ಅವನ ಮುಖ ನೋಡಿದಳು. ಆಮೇಲೆ ಸೆರಗಿನ ತುದಿಯನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಳು. ಆಕೆಯ ಕುತ್ತಿಗೆಯ ನರ ಉಬ್ಬಿದ್ದು ನನಗೆ ಕಾಣುತ್ತಿತ್ತು. ಎದೆಯಿಂದ ದನಿ ಎದ್ದು ಬಂದು ಆ ಬಟ್ಟೆಗೆ ತಾಗಿ ತಿರುಗಿ ಕೆಳಗಿಳಿಯುವುದು ಕಾಣುತ್ತಿತ್ತು. ಅಷ್ಟು ದೊಡ್ಡ ದನಿಯ ಹೆಂಗಸು. ಒಂದು ಸಪ್ಪಳವಿಲ್ಲ. ಎತ್ತು ಮಾತ್ರ ಕೊರಳ ಗೆಜ್ಜೆ ಅಲುಗಿಸಿತು.

ಭಜನೆಯವರನ್ನು ಕರೆಯಲಿಲ್ಲ. ಮಣ್ಣಿಗೆ ಬಂದವರು ಆರು ಮಂದಿ, ಎಲ್ಲ ಮನೆಯವರೇ. ಊರು ಏಳುವುದರೊಳಗೆ ಮುಗಿಯಿತು. ಮಧ್ಯಾಹ್ನ ಅವನ ಗಂಗಾಳ, ಚರಿಗೆ ಹೊಲದ ಬದುವಿನಲ್ಲಿ ಹುಗಿದರು. ಅಮ್ಮನ ಹಳೆಯ ಇಳಕಲ್ ಸೀರೆಗಳಿಂದ ಹೊಲಿದ ಅವನ ಕೌದಿಯನ್ನು ಹಿತ್ತಲಿನಲ್ಲಿ ಸುಟ್ಟರು. ಕೌದಿ ಬೇಗ ಸುಡುವುದಿಲ್ಲ. ಪದರು ಪದರಾಗಿ, ಹೊಗೆಯಾಡುತ್ತ, ಸಂಜೆಯ ತನಕ ಸುಟ್ಟಿತು.

'ಪ್ಲೇಗ್ ಮಾಸ್' ಆಲ್ಬಮ್ಮಿನ ಮೊದಲ ಹಾಡಿನ ಹೆಸರನ್ನು ನಮ್ಮ ಭಾಷೆಯಲ್ಲಿ ಹೇಳುವುದಾದರೆ: ಮಣ್ಣಿಗೆ ಹೋಗಲು ಇನ್ನು ಟಿಕೀಟು ಉಳಿದಿಲ್ಲ. ಅದರಲ್ಲಿ ಆಕೆ ಮತ್ತೆ ಮತ್ತೆ ನೀನು ಸಾಕ್ಷಿಯಾಗಿದ್ದೆಯಾ ಎಂದು ಕೇಳುತ್ತಾಳೆ. ನಮ್ಮ ಅಟ್ಟದ ಗೆಳೆಯರಿಗೆ ಆ ಹೆಸರು ವಿಚಿತ್ರವಾಗಿ ಕಂಡಿತ್ತು. ನನಗೆ ವಿಚಿತ್ರವೆನಿಸಲಿಲ್ಲ. ನಾನು ಆ ಆರು ಮಂದಿಯಲ್ಲಿ ಒಬ್ಬ.

ಗ್ರೀಸ್ ದೇಶದ ದಕ್ಷಿಣಕ್ಕೆ ಮಾನಿ ಎಂಬ ಒಣ, ಕಲ್ಲು ಸೀಮೆ ಇದೆ. ಅಲ್ಲಿಯ ಹೆಂಗಸರೂ ಹೆಣದ ಸುತ್ತ ಕೂತು ಹಾಡಿಕೊಂಡು ಅಳುತ್ತಾರೆ. ಆ ಹಾಡಿಗೆ ಮಿರೊಲೊಯ ಎನ್ನುತ್ತಾರೆ. ಕೊಲೆಯಾದವನಿದ್ದರೆ ಆ ಅಳುವಿನಲ್ಲೇ ಕೊಂದವನ ಹೆಸರು ಬರುತ್ತದೆ, ಸೇಡಿನ ಮಾತು ಬರುತ್ತದೆ. ಗಲಾಸ್‌ಳ ದನಿಯ ಬೇರು ಇರುವುದು ಅಲ್ಲಿ. ಟರ್ಕಿಯ ಹಳೆಯ ಆಟೊಮನ್ ಸಾಮ್ರಾಜ್ಯದಲ್ಲಿ ಕಗ್ಗೊಲೆಯಾದ ಆರ್ಮೇನಿಯನ್, ಅಸ್ಸೀರಿಯನ್, ಗ್ರೀಕ್ ಜನರಿಗಾಗಿ 2003ರಲ್ಲಿ ಮಾಡಿದ ಆಲ್ಬಮ್ಮಿಗೆ 'ಡಿಫಿಕ್ಸಿಯೋನೆಸ್' ಎಂದು ಹೆಸರಿಟ್ಟಳು. ಗೋರಿ ಕೆಡಿಸುವವರಿಗೆ ಶಾಪ ಬರೆದು ಇಡುತ್ತಿದ್ದ ಸೀಸದ ತಗಡಿಗೆ ಆ ಹೆಸರು. ಆಕೆಯ ಒಂದೊಂದು ಆಲ್ಬಮ್ಮೂ ಹೀಗೆ ಯಾರದೋ ಮಣ್ಣಿನ ಕಾವಲು. ಸರ್ವಾಧಿಕಾರಿಗಳು ಕೊಂದವರು, ಏಡ್ಸ್‌ಗೆ ಹೋದವರು, 2022ರ ಆಲ್ಬಮ್ಮಿನಲ್ಲಿ ಮೊದಲ ಮಹಾಯುದ್ಧದಲ್ಲಿ ಮುಖ ಛಿದ್ರವಾಗಿ ಬದುಕುಳಿದ ಸೈನಿಕರು. ನೋಡಲು ಜನ ಹೇಸಿದವರು, ಅಳಲು ಜನ ಹೆದರಿದವರು. ಆಕೆಯ ಆಲ್ಬಮ್‌ಗಳಲ್ಲಿ ಯಾವುದು ಹೆಚ್ಚು ಹೆದರಿಸುತ್ತದೆ ಎಂದು ನಾವು ಎಷ್ಟು ಸಂಜೆ ವಾದ ಮಾಡಿದೆವು! ಆ ಪ್ರಶ್ನೆಯೇ ತಪ್ಪಾಗಿತ್ತು ಎಂದು ಈಗ ನನಗೆ ಖಾತ್ರಿ. ಯಾರಿಗಾಗಿ ಎಂದು ಕೇಳಬೇಕಿತ್ತು. ಮೆಟ್ಟಿಲ ಬುಡದಲ್ಲಿ ನಿಂತ ಕಾಕು ಕೇಳಿದ್ದು ಅದನ್ನೇ.

ಪ್ಲೇಗು ಎಂಬ ಶಬ್ದ ನಮ್ಮ ಸೀಮೆಗೆ ಹೊಸದೂ ಅಲ್ಲ. 1898ರಲ್ಲಿ ಅದು ಹುಬ್ಬಳ್ಳಿ, ಧಾರವಾಡವನ್ನು ಹಿಂಡಿ ಹಾಕಿತ್ತು. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು ಎಂದು ಅಮ್ಮ ತನ್ನ ಹಿರಿಯರಿಂದ ಕೇಳಿದ್ದನ್ನು ಹೇಳುತ್ತಿದ್ದಳು. ಆವಾಗ ಹೆಣ ಹೊರಲು ಜನವಿರಲಿಲ್ಲವಂತೆ, ಆದರೂ ಅಳುವವರು ಇದ್ದರಂತೆ. ಈ ಮಾತನ್ನು ಆಕೆ 2002ರ ನಂತರ ಮತ್ತೆ ಹೇಳಲಿಲ್ಲ. ಇನ್ನೊಂದೂ ನಿಂತಿತು: ಊರಿನಲ್ಲಿ ಯಾರು ತೀರಿಕೊಂಡರೂ ಅಮ್ಮ ಹೋಗುತ್ತಿದ್ದಳು, ಗೋಡೆಗೆ ಒರಗಿ ಕೂಡುತ್ತಿದ್ದಳು, ದನಿ ತೆಗೆಯುತ್ತಿರಲಿಲ್ಲ. ವಯಸ್ಸಾಯಿತು, ದಮ್ಮು ಎಂದು ಜನ ತಿಳಿದರು. ಮಗನಿಗೆ ಕೊಡದೆ ಇದ್ದದ್ದನ್ನು ಬೇರೆಯವರಿಗೆ ಕೊಡಲಾಗಲಿಲ್ಲ ಎಂದು ನಾನು ತಿಳಿದಿದ್ದೇನೆ.

2014ರ ಚಳಿಗಾಲದಲ್ಲಿ ಅಮ್ಮ ತೀರಿಕೊಂಡಳು. ತುಂಬು ಬಾಳು, ಊರಿಗೆ ಊರೇ ಕೂಡಿತ್ತು. ಅಂಗಳದಲ್ಲಿ ಗದ್ದಿಗೆಯ ಮೇಲೆ ಕೂಡಿಸಿದ್ದರು, ಎರಡು ಭಜನಾ ಮೇಳ, ಶಿಶುನಾಳ ಶರೀಫರ ಪದ. ಗದಗಿನಿಂದ ಅತ್ತಿ ಬಂದಾಗ ಹೊತ್ತು ನೆತ್ತಿಗೇರಿತ್ತು. ಅಮ್ಮನಿಗೆ ಒಬ್ಬಳೇ ಮಗಳು. ಕಾಕಾ ಹೋದಾಗ ಅವಳಿಗೆ ಸುದ್ದಿ ಮುಟ್ಟಿಸಿದ್ದು ಮೂರು ದಿನ ಕಳೆದ ಮೇಲೆ. ಅತ್ತಿ ಬಂದವಳೇ ಭಜನೆಯ ನಡುವೆ ಹಾದು ಅಮ್ಮನ ತಲೆದೆಸೆಗೆ ಕೂತಳು, ಸೆರಗು ಮುಂದಕ್ಕೆಳೆದುಕೊಂಡಳು, ದನಿ ತೆಗೆದಳು. ಅಮ್ಮನದೇ ದನಿ. ಭಜನೆಯವರು ತಾಳ ನಿಲ್ಲಿಸಿದರು.

ಮೊದಲು ಅಮ್ಮನ ಗುಣ ಬಂತು, ಆಕೆ ಹೊಲಿದ ಕೌದಿಗಳು ಬಂದವು. ಆಮೇಲೆ, ಯಾರೂ ಎಣಿಸದೆ ಇದ್ದದ್ದು ಬಂತು.

"ಯವ್ವಾ, ನೀ ಹೊಂಟಿ, ತಮ್ಮನ ಕಡೆ ಹೊಂಟೀ... ಹನ್ನೆರಡು ವರ್ಷ ಆತು, ಅಂವಗೊಂದು ದನಿ ತಗೀಲಿಲ್ಲ ನಾವೂ... ದನದ ಮನ್ಯಾಗ ಮಲಗಿಸಿದ್ವಿ, ಕೋಲೀಲೆ ಉಣಿಸಿದ್ವಿ... ಅಗಸ್ಯಾಗ ಹಾರ್ನ್ ಹೊಡಕೊಂಡು ಬರಾಂವ, ಕತ್ತಲದಾಗ ಕಳಿಸಿದ್ವಿ ಯವ್ವಾ... ಹೋದಮ್ಯಾಲೆ ಹೇಳು, ಅಕ್ಕ ಇವತ್ತು ಅತ್ತಾಳ ಅಂತ ಹೇಳೂ..."

ಕೋಲು ಎಂದಾಗ ನನ್ನ ಕೈ ಬಿಸಿಯಾಯಿತು. ದೊಡ್ಡಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಅವನು ಅತ್ತಿಯನ್ನು ತಡೆಯಲಿಲ್ಲ. ಒಂದು ಗಳಿಗೆ ಅಂಗಳದಲ್ಲಿ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಮುದುಕಿಯೊಬ್ಬಳು ಹೂಂಗುಟ್ಟಿದಳು. ಅವಳ ಹಿಂದೆ ಇನ್ನೊಬ್ಬಳು. ಸ್ವಲ್ಪ ಹೊತ್ತಿಗೆ ಊರಿನ ಹೆಂಗಸರೆಲ್ಲ ಎರಡು ಹೆಣಕ್ಕೆ ಅಳುತ್ತಿದ್ದರು. ಅವರಿಗೆಲ್ಲ ಮೊದಲಿನಿಂದಲೂ ಗೊತ್ತಿತ್ತು.

ದಿನಕರ್ಮ ಮುಗಿಸಿ ಧಾರವಾಡಕ್ಕೆ ತಿರುಗಿ ಬಂದ ರವಿವಾರ ಅಟ್ಟ ಹತ್ತಿದೆ. ಆ ಹೊತ್ತಿಗೆ ನಾವು ಮೂವರೇ ಉಳಿದಿದ್ದೆವು: ಮಾಸ್ತರರು, ಪ್ರೆಸ್ಸಿನ ಗೆಳೆಯ, ನಾನು. ಇಲ್ಲಿ ಬರೆದದ್ದನ್ನೆಲ್ಲ ಅವರಿಗೆ ಹೇಳಿದೆ, ಕೋಲಿನ ಮಾತನ್ನೂ. ಮಾಸ್ತರರು ಏನೂ ಹೇಳಲಿಲ್ಲ. ಪ್ರೆಸ್ಸಿನ ಗೆಳೆಯ ಎದ್ದು ಖಾನೆಯಿಂದ ಆ ಹಳೆಯ ಸಿಡಿ ಹುಡುಕಿ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಪ್ಲೇಯರಿನಲ್ಲಿಟ್ಟ. ಎರಡನೆಯ ಹಾಡಿಗೆ ಹಚ್ಚಲೋ ಎಂದು ಕೇಳಿದ. ಬೇಡ, ಮೊದಲಿನಿಂದ ಹಚ್ಚು ಎಂದೆ.

ಅಂದು ಎರಡು ಸ್ಪೀಕರೂ ಸರಿಯಾಗಿದ್ದವು.